ಭಾವನ ಬಲಗಣ್ಣು

ನಮ್ಮ ಭಾವ ತೀರಿಕೊಂಡ ಎರಡು ದಿನಕ್ಕೆ ಪತ್ರಿಕೆಯಲ್ಲಿ ಅರ್ಧ ಕಾಲಮ್ ಸುದ್ದಿ ಬಂತು. ಎರಡು ಯುದ್ಧ ಕಂಡವರು, ಎರಡು ಪದಕ ಪಡೆದವರು, ಯುದ್ಧವಿಮಾನಗಳ ದಳವನ್ನು ಮುನ್ನಡೆಸಿದವರು, 'ಹದ್ದಿನ ಕಣ್ಣಿನ ವೀರ' ಎಂದೆಲ್ಲ ಬರೆದಿದ್ದರು. ಅಕ್ಕ ಅದನ್ನು ಕತ್ತರಿಸಿ ಇಟ್ಟುಕೊಂಡಳು. ನನಗೆ ಮಾತ್ರ ಮೈ ಉರಿಯಿತು. ಹದ್ದಿನ ಕಣ್ಣಂತೆ! ಬರೆದವನಿಗೆ ಏನು ಗೊತ್ತು, ಮಣ್ಣು? ನಾನು ಬಹಳ ವರ್ಷ ಮೂರನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳಿದವಳು. ತಪ್ಪು ಉತ್ತರ ಕಂಡರೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಸರಿಯುತ್ತರ ಬರೆಯದೆ ಈ ಕೈ ಸುಮ್ಮನಿರುವುದಿಲ್ಲ.

ಅವರು ಹುಟ್ಟಿದ್ದು ಬಸ್ ಡ್ರೈವರ್ ಮನೆಯಲ್ಲಿ. ಎರಡು ಕೋಣೆಯ ಮನೆ, ಕಿಟಕಿಯಾಚೆ ಬಸ್ ಡಿಪೋ, ಹಗಲೆಲ್ಲ ಡೀಸೆಲ್ ವಾಸನೆ. ಹುಡುಗ ಬೆಳೆದದ್ದು ಉದ್ದಕ್ಕೆ, ಅದೂ ಬರೀ ಕಾಲು. ಓಣಿಯವರು ಕೊಕ್ಕರೆ ಎಂದು ಹೆಸರಿಟ್ಟರು, ಆ ಹೆಸರು ವಾಯುಪಡೆಗೂ ಅವರ ಬೆನ್ನು ಹತ್ತಿ ಹೋಯಿತು. ಆಯ್ಕೆಯ ದಿನ ತೊಡೆಯ ಉದ್ದ ಅಳೆದರಂತೆ. ವಿಮಾನ ಕೆಟ್ಟರೆ ಪೈಲಟ್ ಕೂತ ಕುರ್ಚಿ ಸಮೇತ ಹೊರಗೆ ಚಿಮ್ಮಬೇಕು. ತೊಡೆ ಉದ್ದವಿದ್ದರೆ ಮನುಷ್ಯ ಹೊರಗೆ ಬರುತ್ತಾನೆ, ಮೊಣಕಾಲು ಒಳಗೇ ಉಳಿಯುತ್ತದೆ. ಭಾವ ಕೂದಲೆಳೆಯಲ್ಲಿ ಪಾಸಾದರು. ಮನೆಗೆ ಬಂದು ಹೇಳಿದಾಗ ಅವರಪ್ಪ ತಟ್ಟೆಯಿಂದ ತಲೆ ಎತ್ತದೆ ಕೇಳಿದ್ದು ಒಂದೇ ಮಾತು: "ಬಸ್ಸು ಕೆಟ್ರೆ ಜನ ಇಳಿದು ತಳ್ತಾರೆ. ನಿನ್ನ ಗಾಡಿ ಕೆಟ್ರೆ ಯಾರೋ ತಳ್ಳೋರು?"

ಆ ಕಾಲಕ್ಕೆ ಅವರ ಕಣ್ಣು ಕಣ್ಣೇ. ಇಲ್ಲ ಎನ್ನುವ ಪಾಪ ನನಗೆ ಬೇಡ. ಆಕಾಶದಲ್ಲಿ ಮೊದಲು ನೋಡಿದವನು ಗೆಲ್ಲುತ್ತಾನೆ, ಉಳಿದ ವಿದ್ಯೆಯೆಲ್ಲ ಅದಾದ ಮೇಲೆ ಎಂದು ಭಾವ ಹೇಳುತ್ತಿದ್ದರು. ಅವರು ಇಬ್ಬಿಬ್ಬರಾಗಿ ಹಾರುತ್ತಾರೆ. ಮುಂದಿನವನು ಬೇಟೆಗಾರ, ಪಕ್ಕದವನು ಅವನ ಬೆನ್ನು ಕಾಯುವವನು. ಯಾರಿಗೆ ಏನು ಕಂಡರೂ ಗಡಿಯಾರದ ಲೆಕ್ಕದಲ್ಲಿ ಕೂಗಬೇಕು: ಮೂಗಿನ ನೇರಕ್ಕೆ ಹನ್ನೆರಡು ಗಂಟೆ, ಬಲಗಡೆ ಮೂರು, ಬೆನ್ನ ಹಿಂದೆ ಆರು. ಮೊದಲ ಯುದ್ಧ ಶುರುವಾದಾಗ ಭಾವನಿಗೂ ಅಕ್ಕನಿಗೂ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಒಂದು ಬೆಳಗ್ಗೆ ಗಸ್ತು ಹೊರಟವರಿಗೆ ಹತ್ತು ಗಂಟೆಯ ದಿಕ್ಕಿನಲ್ಲಿ, ಬಹಳ ಕೆಳಗೆ, ಸಾಸಿವೆ ಕಾಳಿನಷ್ಟು ಒಂದು ಚುಕ್ಕೆ ಕಂಡಿತು. ಜೊತೆಗಾರನಿಗೆ ಅದು ಕಾಣುವ ಹೊತ್ತಿಗೆ ಭಾವ ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಅರ್ಧ ದಾರಿ ಇಳಿದಾಗಿತ್ತು. ಶತ್ರುವಿನ ಬಾಂಬರ್ ವಿಮಾನ ಬಿತ್ತು. ಅದನ್ನು ಕಾಯುತ್ತಿದ್ದ ಯುದ್ಧವಿಮಾನ ತಿರುಗಿ ಇವರ ಮೇಲೆ ಬಂತು, ಅದೂ ಬಿತ್ತು. ಹೀಗೆ ಮೊದಲ ಪದಕ.

ನೆಂಟರಿಷ್ಟರೆಲ್ಲ ಸುತ್ತ ಕೂತು "ಹೆದರಿಕೆ ಆಗ್ಲಿಲ್ವಾ?" ಎಂದು ಕೇಳಿದರೆ ಅವರದು ಒಂದೇ ಉತ್ತರ. "ಮೇಲೆ ಪುರುಸೊತ್ತಿರ್ಲಿಲ್ಲ. ಇಳಿದ ಮೇಲೆ ಏಣಿ ಮೇಲೆ ಕಾಲು ನಿಲ್ಲಲಿಲ್ಲ, ಇಬ್ಬರು ಹಿಡ್ಕೊಂಡ್ರು." ಆ ಬಾಂಬರಿನಿಂದ ಎರಡು ಪ್ಯಾರಾಚೂಟ್ ಬಿಚ್ಚಿದ್ದು ನೋಡಿದೆ, ಒಳಗಿದ್ದ ಮೂರನೆಯವನದು ಬಿಚ್ಚಲಿಲ್ಲ ಎಂದು ನನ್ನೊಬ್ಬಳಿಗೆ ಹೇಳಿದ್ದರು. ಅಕ್ಕನನ್ನು ಮದುವೆಯಾದ ದಿನದಿಂದ ನನ್ನ ಜೊತೆ ಅವರಿಗೆ ಸಲಿಗೆ. ನನ್ನ ಜಡೆ ಎಳೆಯುವುದು, ನನಗೆ ಗಂಡು ನೋಡುತ್ತೇನೆಂದು ಮೆಕ್ಯಾನಿಕ್‌ಗಳ ಹೆಸರು ಹೇಳಿ ರೇಗಿಸುವುದು. ನಾನೂ ಬಿಡುತ್ತಿರಲಿಲ್ಲ. ಊಟಕ್ಕೆ ಕೂತರೆ ಅವರ ಕಾಲು ಮೇಜಿನ ಆಚೆ ಬದಿಗೆ ಬರುತ್ತಿತ್ತು, ಚಪ್ಪಲಿಯಲ್ಲಿ ಒದ್ದು ಒಳಗೆ ತಳ್ಳುತ್ತಿದ್ದೆ.

ಮುಂದೆ ವಾಯುನೆಲೆಯ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿ ಅಕ್ಕನ ಮನೆಯಲ್ಲೇ ಉಳಿದೆ. ಅಷ್ಟರಲ್ಲಿ ಭಾವ ಒಂದು ದಳದ ಮುಖ್ಯಸ್ಥರು. ಹೆಂಚಿನ ಸಾಲುಮನೆ, ವಿಮಾನ ಎದ್ದಾಗಲೆಲ್ಲ ಅಲುಗುವ ಪಾತ್ರೆ ಗೂಡು, ಆ ಸದ್ದಿಗೆ ನಿದ್ದೆ ಮಾಡುವ ಅಕ್ಕನ ಇಬ್ಬರು ಹೆಣ್ಣುಮಕ್ಕಳು. ಸದ್ದು ನಿಂತರೆ ಎಚ್ಚರವಾಗುವ ಮಕ್ಕಳು ಅವು!

ದಳದಲ್ಲಿ ಭಾವನ ಕೆಳಗೆ ಒಬ್ಬ ಉಪನಾಯಕ. ಎಲ್ಲರೂ ಅವನನ್ನು ಬೆಣ್ಣೆ ಎನ್ನುತ್ತಿದ್ದರು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ವಿಮಾನ ಇಳಿಸುತ್ತಾನೆ ಎಂದು ಬಂದ ಹೆಸರು. ಮಾತೂ ಹಾಗೆಯೇ, ಮೆತ್ತಗೆ. ಭಾವ ಎಲ್ಲಿ ಹಾರಿದರೂ ಪಕ್ಕದಲ್ಲಿ ಅವನೇ. ಉಳಿದವರನ್ನು ಸರದಿಯ ಮೇಲೆ ಬದಲಾಯಿಸುತ್ತಿದ್ದರು, ಬೆಣ್ಣೆಯನ್ನು ಮಾತ್ರ ಬಿಡುತ್ತಿರಲಿಲ್ಲ. ಜೋಡಿ ಎತ್ತುಗಳು ಎಂದು ಜನ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಶಾಲೆಯ ಆಟೋಟದ ದಿನ ನನ್ನ ನಗು ನಿಂತಿತು. ಅಕ್ಕನ ದೊಡ್ಡ ಮಗಳು ಓಟದಲ್ಲಿದ್ದಳು. ಎಲ್ಲ ಮಕ್ಕಳಿಗೂ ಬಿಳಿ ಬಟ್ಟೆ, ಮೈದಾನದ ಆ ತುದಿಯಲ್ಲಿ ಹಗ್ಗ. ನಮ್ಮವಳೇ ಮೊದಲು ಹಗ್ಗ ಮುಟ್ಟಿದಳು. ಭಾವ ಚಪ್ಪಾಳೆ ತಟ್ಟಿದರು, ಆದರೆ ತಟ್ಟುವ ಮೊದಲು ಒಮ್ಮೆ ಅಕ್ಕನ ಮುಖ ನೋಡಿದರು. ಬೇರೆ ಯಾರಿಗೂ ಅದು ಏನೂ ಅಲ್ಲ. ನನಗೆ ಮಾತ್ರ ಅದು ಗುರುತಿನ ನೋಟ. ಬೋರ್ಡ್ ಕಾಣದ ಮಗು ಎಂದೂ ಕಾಣುವುದಿಲ್ಲ ಅಂತ ಹೇಳುವುದಿಲ್ಲ. ಪಕ್ಕದವನ ಪುಸ್ತಕ ನೋಡಿ ಬರೆಯುತ್ತದೆ. ಅಂಥ ಎಷ್ಟು ಮಕ್ಕಳನ್ನು ನಾನು ಹಿಡಿದಿಲ್ಲ?

ಮರುದಿನ ಭಾವ ಹಿಂದಿನ ಜಗುಲಿಯಲ್ಲಿ ಬೂಟಿಗೆ ಪಾಲಿಶ್ ಹಾಕುತ್ತಿದ್ದರು. ನಾನು ಹೋಗಿ ಎದುರು ಕೂತೆ.

"ಭಾವ, ಆ ನೀರಿನ ಟ್ಯಾಂಕ್ ಮೇಲೆ ಏನು ಬರೆದಿದೆ, ಓದಿ ನೋಡೋಣ."

"ನಾನೇನು ನಿನ್ನ ಕ್ಲಾಸಿನ ಹುಡುಗನಾ?"

"ಆಗಿದ್ದಿದ್ರೆ ಮುಂದಿನ ಬೆಂಚಿಗೆ ಕಳಿಸ್ತಿದ್ದೆ. ಓದಿ."

ಅವರು ಹೊಳೆಯುತ್ತಿದ್ದ ಬೂಟನ್ನೇ ಮತ್ತೆ ಉಜ್ಜಿದರು. ಆಮೇಲೆ ಬ್ರಷ್ ಕೆಳಗಿಟ್ಟು, "ಎಡಗಣ್ಣು ಸರಿಯಾಗಿದೆ. ಬಲಗಣ್ಣಿಗೆ ದೂರದ್ದು ಮಸುಕು. ಒಂದು ವರ್ಷ ಆಯ್ತು. ಅಕ್ಕನಿಗೆ ಹೇಳ್ಬೇಡ," ಎಂದರು.

"ವರ್ಷಾ ವರ್ಷಾ ಡಾಕ್ಟರ್ ನೋಡ್ತಾರಲ್ಲ?"

"ಗೋಡೆ ಮೇಲಿರೋ ಅಕ್ಷರ ಯಾವತ್ತೂ ಅವೇ. ಬಾಯಿಪಾಠ ಆಗಿದೆ."

"ಕಾಪಿ ಹೊಡೆದು ಪಾಸಾದ್ರಾ? ದೇಶ ಕಾಯೋರು!"

ನಾನು ಬೈದರೆ ನಗುವವರು ಆವತ್ತು ನಗಲಿಲ್ಲ. "ಕೆಳಗಿಳಿಸಿದ್ರೆ ನಾನು ಯಾರು ಹೇಳು. ಫೈಲು ತಿರುವೋ ಉದ್ದ ಕಾಲಿನ ಗುಮಾಸ್ತ. ಹಾರೋದು ಬಿಟ್ರೆ ಇನ್ನೇನೂ ಬರಲ್ಲ ನನಗೆ. ಪಕ್ಕದಲ್ಲಿ ಬೆಣ್ಣೆ ಇರ್ತಾನೆ. ಅವನು ಬೇಗ ನೋಡ್ತಾನೆ, ಬೇಗ ಕೂಗ್ತಾನೆ. ಅವನ ಕಣ್ಣು ಇಬ್ಬರಿಗೂ ಸಾಕು."

"ಅವನಿಗೆ ಗೊತ್ತಾ ಇದು?"

"ಇಲ್ಲ."

ಅಯ್ಯೋ ಎನಿಸಿತು ನನಗೆ. ಆ ಉದ್ದ ದೇಹ ಗಿಡ್ಡ ಸ್ಟೂಲಿನ ಮೇಲೆ ಮಡಚಿಕೊಂಡು ಕೂತದ್ದು ನೋಡಿ ಕಣ್ಣಲ್ಲಿ ನೀರೂ ಬಂತು. ಆದರೆ ಕನಿಕರ ಬೇರೆ, ಲೆಕ್ಕ ಬೇರೆ. "ನಿಮ್ಮ ಹಿಂದೆ ಹಾರೋ ಮಕ್ಕಳಿಗೂ ಅಪ್ಪ ಅಮ್ಮ ಇದ್ದಾರೆ ಭಾವ. ಈ ತಿಂಗಳೊಳಗೆ ನೀವೇ ಡಾಕ್ಟರ್ ಹತ್ರ ಹೋಗಿ ಹೇಳಿ. ಇಲ್ಲದಿದ್ರೆ ನಾನು ಹೋಗ್ತೀನಿ," ಎಂದೆ. ನಾನು ಹೇಳಿದರೆ ಮಾಡುವವಳು ಎಂದು ಅವರಿಗೆ ಗೊತ್ತಿತ್ತು. ಆಮೇಲೆ ದಿನಾ ಬೆಳಗ್ಗೆ ಚಹಾ ಲೋಟದ ಜೊತೆ ಅವತ್ತಿನ ತಾರೀಕನ್ನೂ ಕೊಡುತ್ತಿದ್ದೆ. ಅಕ್ಕನಿಗೆ ಇದೇನು ಹೊಸ ತಮಾಷೆ ಎಂದು ಆಶ್ಚರ್ಯ.

ಆ ತಿಂಗಳಲ್ಲೇ ಯುದ್ಧದ ಮಾತು ಬಲವಾಯಿತು. ರಜೆಯಲ್ಲಿದ್ದವರನ್ನೆಲ್ಲ ವಾಪಸು ಕರೆಸಿದರು, ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದೆವು, ಶಾಲೆಯ ಅಂಗಳದಲ್ಲಿ ಕಂದಕ ತೋಡಿದರು. ಅವರಲ್ಲಿ ಒಂದು ಪದ್ಧತಿ ಇತ್ತು: ಯುದ್ಧದ ಮೊದಲ ಹಾರಾಟಕ್ಕೆ ದಳದ ಮುಖ್ಯಸ್ಥನೇ ಮುಂದಾಳು. ಹೊರಡುವ ನಾಲ್ವರ ಹೆಸರನ್ನು ಹಲಗೆಯ ಮೇಲೆ ಬರೆಯಲು ಭಾವ ಸೀಮೆಸುಣ್ಣ ಹಿಡಿದರು. ಮೊದಲು ತಮ್ಮದು, ಆಮೇಲೆ ಬೆಣ್ಣೆಯದು, ಕೆಳಗೆ ಹೊಸದಾಗಿ ಬಂದಿದ್ದ ಇಬ್ಬರು ಹುಡುಗರದು. ಆ ಇಬ್ಬರ ಹೆಸರು ಬರೆದು ಮುಗಿಸಲು ಅವರಿಂದಾಗಲಿಲ್ಲವಂತೆ. ಸೀಮೆಸುಣ್ಣ ಅಲ್ಲೇ ಬಿಟ್ಟು ನೇರ ಡಾಕ್ಟರ ಕೋಣೆಗೆ ನಡೆದರು.

ಡಾಕ್ಟರು ನೋಡಿ, ಇನ್ನು ಹಾರುವಂತಿಲ್ಲ ಎಂದು ಬರೆದರು. ಹೊಸ ಮುಖ್ಯಸ್ಥನನ್ನು ತರಲು ಸಮಯವಿರಲಿಲ್ಲ. ಮೇಲಧಿಕಾರಿ ಬಾಯಿಗೆ ಬಂದಂತೆ ಬೈದು, ಕೊನೆಗೆ, ನೆಲದ ಮೇಲೆ ನಿಂತು ದಳ ನಡೆಸು, ಮೇಲೆ ಬೆಣ್ಣೆ ಮುಂದಾಳಾಗಲಿ, ಹುಡುಗರ ಧೈರ್ಯ ಕೆಡುವುದು ಬೇಡ, ಕಿವಿನೋವು ಎಂದು ಹೇಳು ಎಂದರು. ಎರಡೇ ದಿನದಲ್ಲಿ ಯುದ್ಧ ಶುರುವಾಯಿತು.

ಇಷ್ಟು ವರ್ಷ ಇಲ್ಲದ ಕಿವಿನೋವು ಈಗ ಬಂದರೆ ಜನ ಏನೆಂದಾರು? "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಪೈಲಟ್ ಒಬ್ಬನ ಹೆಂಡತಿ ನನ್ನೆದುರೇ ಅಂದಳು. ಪದಕ ಬಂದವನಿಗೆ ಈಗ ಪ್ರಾಣ ಸಿಹಿಯಾಗಿದೆ ಎಂದಳು ಇನ್ನೊಬ್ಬಳು. ನನ್ನ ನಾಲಿಗೆ ತುರಿಸಿತು. ಯಾರಿಗೂ ಹೇಳುವುದಿಲ್ಲ ಎಂದು ಭಾವನಿಗೆ ಮಾತು ಕೊಟ್ಟಿದ್ದೆ, ಕಚ್ಚಿಕೊಂಡೆ. ಅಕ್ಕನಿಗೂ ಕಿವಿನೋವೆಂದೇ ಹೇಳಿದ್ದರು. ಅವಳು ಪಾಪ, ಎಣ್ಣೆ ಬೆಚ್ಚಗೆ ಮಾಡಿಕೊಂಡು ಬಂದಳು, ಅವರು ತಲೆ ವಾಲಿಸಿ ಹಾಕಿಸಿಕೊಂಡರು.

ಮೊದಲ ದಿನ ಮಧ್ಯಾಹ್ನ ಬೆಣ್ಣೆಯ ಮುಂದಾಳತ್ವದಲ್ಲಿ ನಾಲ್ಕು ವಿಮಾನ ಹೋದವು. ಆಗ ನಾನು ಕಂದಕದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಮಗ್ಗಿ ಹೇಳಿಸುತ್ತಿದ್ದೆ. ಮುಂದಿನದನ್ನು ಭಾವನ ಜೀಪು ಓಡಿಸಿದವನು ನನಗೆ ಹೇಳಿದ್ದು. ವಿಮಾನಗಳು ಹೋದ ಸ್ವಲ್ಪ ಹೊತ್ತಿಗೆ ನಮ್ಮ ನೆಲೆಯ ಮೇಲೆ ಬಾಂಬು ಬಿದ್ದು ರನ್‌ವೇ ನಡುವೆ ಬಾವಿಯಂಥ ಗುಂಡಿಗಳಾದವು. ಅತ್ತ ಆಕಾಶದಲ್ಲಿ ಕಾದಾಟ ಎಳೆಯಿತು. ಬೆಣ್ಣೆ ಎರಡು ವಿಮಾನ ಉರುಳಿಸಿದ, ಆದರೆ ಮರಳಿ ಹೊರಡಿ ಎಂದು ಕೂಗುವ ಹೊತ್ತಿಗೆ ನಾಲ್ವರ ಟ್ಯಾಂಕೂ ತಳ ಕಾಣುತ್ತಿತ್ತು. ಬೇರೆ ನೆಲೆಗೆ ಹೋಗುವಷ್ಟು ಇಂಧನ ಯಾರಲ್ಲೂ ಇಲ್ಲ.

ರನ್‌ವೇ ಪಕ್ಕದಲ್ಲಿ ವಿಮಾನಗಳು ಉರುಳಿಕೊಂಡು ಹೋಗುವ ಕಿರಿದಾದ ದಾರಿ ಒಂದಿತ್ತು. ಭಾವ ರೇಡಿಯೋ ಹಿಡಿದು ಜೀಪಿನಲ್ಲಿ ಅದರ ತುದಿಗೆ ಹೋದರು. ಇನ್ನೂ ಬಾಂಬು ಬೀಳುತ್ತಿತ್ತು. ಡ್ರೈವರ್ ಜೀಪಿನ ಅಡಿಗೆ ನುಸುಳಿದ. ಭಾವ ದಾರಿಯ ನಡುಗೆರೆಯ ಮೇಲೆ ಕೊಕ್ಕರೆಯಂತೆಯೇ ನಿಂತರು. "ನನ್ನ ತಲೆ ಮೇಲೆ ಬಾ. ಎಡಕ್ಕೆ ಚೂರು. ಅಷ್ಟೇ. ಈಗ ಇಳಿಸು," ಎಂದು ಒಬ್ಬೊಬ್ಬನಿಗೂ ಹೇಳಿ, ವಿಮಾನ ಹತ್ತಿರ ಬಂದಾಗ ಬದಿಗೆ ಉರುಳಿ, ಮತ್ತೆ ಎದ್ದು ನಿಲ್ಲುತ್ತಿದ್ದರು. ಬೆಣ್ಣೆ ಹುಡುಗರನ್ನು ಮುಂದೆ ಬಿಟ್ಟು ತಾನು ಕೊನೆಗೆ ಉಳಿದ. ಮೂರು ವಿಮಾನ ಇಳಿದವು. ನಾಲ್ಕನೆಯದು, ಬೆಣ್ಣೆಯದು, ಬೇಲಿಯಾಚೆ ಕಾಣಿಸಿಕೊಂಡಿತು, ಅಲ್ಲಿ ಎಂಜಿನ್ ನಿಂತಿತು. ಕುರ್ಚಿ ಚಿಮ್ಮಿಸಿಕೊಳ್ಳಲು ಎತ್ತರ ಸಾಲಲಿಲ್ಲ. ಬೇಲಿಗಿಂತ ಸ್ವಲ್ಪ ಆಚೆ ಬಿತ್ತು.

ಯುದ್ಧ ಬೇಗ ಮುಗಿಯಿತು. ಭಾವ ಕೊನೆಯ ದಿನದವರೆಗೂ ನೆಲದ ಮೇಲೆ ನಿಂತು ದಳ ನಡೆಸಿದರು, ಆ ಮೊದಲ ದಿನದ ನಂತರ ಮತ್ತೆ ಯಾವ ವಿಮಾನವೂ ಕಳೆದುಹೋಗಲಿಲ್ಲ. ನಾನು ತಾರೀಕು ಹೇಳುವುದನ್ನು ಬಿಟ್ಟಿದ್ದೆ.

ಬೆಣ್ಣೆಯ ಹೆಂಡತಿ ಮನೆ ಖಾಲಿ ಮಾಡುವ ಮುನ್ನ ಒಂದು ಸಂಜೆ ನಮ್ಮಲ್ಲಿಗೆ ಬಂದಳು, ಅಕ್ಕನಿಂದ ತೆಗೆದುಕೊಂಡಿದ್ದ ಹೊಲಿಗೆ ಯಂತ್ರ ಮರಳಿಸಲು. ಜೀಪಿನ ಡ್ರೈವರ್ ಅದನ್ನು ಎತ್ತಿಕೊಂಡು ಬಂದು ಇಟ್ಟು ಹೋದ. ಅವಳು ಕುರ್ಚಿಯ ತುದಿಯಲ್ಲಿ ಕೂತಳು. ಅಕ್ಕ ಚಹಾ ತಂದಿಟ್ಟಳು. ಭಾವ ಎದ್ದೇ ನಿಂತಿದ್ದರು.

"ಅಮ್ಮಾ, ನನಗೆ ಕಿವಿನೋವಿರ್ಲಿಲ್ಲ. ನನಗೆ..."

"ಬಲಗಣ್ಣು," ಎಂದಳು ಅವಳು. "ಗೊತ್ತು. ಅವರಿಗೂ ಗೊತ್ತಿತ್ತು."

ಅಕ್ಕ ಒಮ್ಮೆ ಗಂಡನ ಮುಖ, ಒಮ್ಮೆ ನನ್ನ ಮುಖ ನೋಡಿದಳು. "ಏನ್ರೀ ಇದು?" ಎಂದಳು.

"ಒಂದು ವರ್ಷದಿಂದ ಗೊತ್ತಿತ್ತು," ಬೆಣ್ಣೆಯ ಹೆಂಡತಿ ಮುಂದುವರಿಸಿದಳು. "ಮನೆಗೆ ಬಂದು ಹೇಳ್ತಿದ್ರು, ಇವತ್ತೂ ಅವರಿಗೆ ಕಾಣಲಿಲ್ಲ, ನಾನೇ ಕೂಗಿದೆ ಅಂತ. ಮೇಲಿನವರಿಗೆ ಹೇಳಿ ಅಂದ್ರೆ, ಅವರಾಗೇ ಹೇಳ್ಲಿ, ನಾನು ಹೇಳಿದ್ರೆ ಅವರ ಅನ್ನ ಕಿತ್ಕೊಂಡ ಹಾಗಾಗತ್ತೆ ಅನ್ನೋರು. ನಮ್ಮವರಿಗೆ ದಳದಲ್ಲಿ ಎಲ್ಲಕ್ಕಿಂತ ಆಸೆ ಅಂದ್ರೆ ಒಂದು ಸಲ ನಾಲ್ಕು ವಿಮಾನ ತಾವೇ ಮುಂದೆ ನಿಂತು ನಡೆಸೋದು. ನೀವು ಬಿಡ್ಲಿಲ್ಲ. ಬಿಡೋ ಹಾಗಿರ್ಲಿಲ್ಲ, ಪಕ್ಕದಲ್ಲಿ ಅವರು ಬೇಕಿತ್ತು ನಿಮಗೆ. ತಮ್ಮ ವಿಮಾನದ ಇಂಧನ ನೋಡ್ಕೊಳ್ಳೋದು ಅವರಿಗೆ ಬರ್ತಿತ್ತು. ನಾಲ್ಕು ಜನರದ್ದು ನೋಡೋದನ್ನ ಯಾವಾಗ ಕಲಿಬೇಕಿತ್ತು? ಆ ಮಧ್ಯಾಹ್ನಾನಾ?"

ನನಗೆ ಸಿಟ್ಟು ಬಂತು. ಅಡ್ಡಗೆರೆ ಎಳೆಯೋಣವೆಂದರೆ ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ.

"ನೀವು ಹೆದರಿದ್ರಿ ಅಂತ ಜನ ಅಂತಾರೆ, ನಾನು ಅನ್ನಲ್ಲ," ಎಂದಳು ಅವಳು ಏಳುತ್ತ. "ಹೇಳಿದ್ದು ಸರಿ. ತಡವಾಗಿ ಹೇಳಿದ್ರಿ."

"ಹೌದಮ್ಮ. ತಡವಾಯ್ತು," ಎಂದರು ಭಾವ.

ಚಹಾ ಹಾಗೇ ಇತ್ತು. ಅವಳು ಹೋದ ಮೇಲೆ ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಂಡ ಬದುಕಿದ್ದಾನೆ ಎಂಬ ಸಂತೋಷಕ್ಕೆ ನಾಚಿಕೆಯಾಗಿ ಅತ್ತುಬಿಟ್ಟೆ ಎಂದು ಎಷ್ಟೋ ವರ್ಷದ ಮೇಲೆ ನನಗೆ ಹೇಳಿದಳು. ನನಗೂ ಹಾಗೆಯೇ ಆಗಿತ್ತು.

ಪದಕ ಪ್ರದಾನ ಮುಂದಿನ ಬೇಸಿಗೆಯಲ್ಲಿ. ಅಷ್ಟರಲ್ಲಿ ಭಾವನಿಗೆ ಕನ್ನಡಕ ಬಂದು, ಪೈಲಟ್‌ಗಳ ತರಬೇತಿ ಶಾಲೆಗೆ ವರ್ಗವಾಗಿತ್ತು. ಅಲ್ಲಿಗೆ ಹೋದ ಮೊದಲ ವಾರವೇ ಒಂದು ನಿಯಮ ಮಾಡಿದರು. ಎಷ್ಟೇ ಹೊಸಬನಾಗಲಿ, ಪ್ರತಿಯೊಬ್ಬನೂ ಸರದಿಯಂತೆ ನಾಲ್ಕು ವಿಮಾನ ಮುನ್ನಡೆಸಬೇಕು, ಒಂದೇ ಜೋಡಿ ಒಂದು ವಾರಕ್ಕಿಂತ ಹೆಚ್ಚು ಕೂಡಿ ಹಾರಬಾರದು. ಹಳಬರು ಗೊಣಗಿದರು. ಇವರು ಜಗ್ಗಲಿಲ್ಲ. ನಿವೃತ್ತಿಯವರೆಗೆ ಅದೇ ಕೆಲಸ ಮಾಡಿದರು, ಫೈಲು ತಿರುವುವ ಗುಮಾಸ್ತ ಎಂದು ತಮ್ಮನ್ನು ತಾವೇ ಕರೆದುಕೊಳ್ಳುತ್ತ.

ಪದಕವನ್ನು ಬೇಡ ಎನ್ನುವ ಯೋಚನೆ ಅವರಿಗಿತ್ತು. "ಬೇಡ ಅಂದ್ರೆ ಯಾಕೆ ಅಂತ ಕೇಳ್ತಾರೆ, ಆಮೇಲೆ ಬೆಣ್ಣೆಯವರ ಇಂಧನದ ಲೆಕ್ಕ ಹೊರಗೆ ಬರತ್ತೆ. ತೆಪ್ಪಗೆ ಹೋಗಿ ತಗೊಂಡು ಬನ್ನಿ," ಎಂದೆ ನಾನು. ಹೋದರು. ಒಂದೇ ವೇದಿಕೆಯಲ್ಲಿ ಎರಡು ಪದಕ: ಒಂದು ಬೆಣ್ಣೆಗೆ, ಅವನ ಪರವಾಗಿ ಹೆಂಡತಿ ಪಡೆದಳು, ಇನ್ನೊಂದು, ಬಾಂಬುಗಳ ನಡುವೆ ಮೂರು ವಿಮಾನ ಇಳಿಸಿದ ಭಾವನಿಗೆ. ಭಾವನ ಹೆಸರು ಕೂಗುವ ಹೊತ್ತಿಗೆ ಅವಳು ಮೈದಾನದ ಆಚೆ ಬದಿಯ ಸಾಲಿನಲ್ಲಿ ಹೋಗಿ ಕೂತಾಗಿತ್ತು. ಸಮವಸ್ತ್ರದ ಮೇಲೆ ಕನ್ನಡಕ ಒಪ್ಪುವುದಿಲ್ಲ ಎಂದು ಅಕ್ಕ ಅದನ್ನು ತನ್ನ ಚೀಲದಲ್ಲಿ ಇಟ್ಟುಕೊಂಡಿದ್ದಳು. ಪದಕ ಚುಚ್ಚಿದರು, ಭಾವ ಸೆಲ್ಯೂಟ್ ಹೊಡೆದು, ಆ ಸಾಲಿನ ಕಡೆ ತಿರುಗಿ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತರು.

ಕೆಳಗಿಳಿದು ಬಂದವರು ಅಕ್ಕನ ಹತ್ತಿರ ಹೋಗದೆ ನೇರ ನನ್ನ ಹತ್ತಿರ ಬಂದರು.

"ಅವಳು ನನ್ನ ಕಡೆ ನೋಡಿದ್ಲಾ? ನನಗೆ ಕಾಣಲಿಲ್ಲ."

ಕಾಣಲಿಲ್ಲ ಎಂಬ ಮಾತು ನಾನು ಕೇಳದೆಯೇ ಅವರ ಬಾಯಿಂದ ಬಂದದ್ದು ಅದೇ ಮೊದಲು. ಸಮಾಧಾನಕ್ಕೆ ಏನಾದರೂ ಹೇಳಬಹುದಿತ್ತು.

"ನೋಡಿದ್ಲು. ಎಲ್ರೂ ಚಪ್ಪಾಳೆ ತಟ್ಟಿದ್ರು, ಅವಳು ತಟ್ಟಲಿಲ್ಲ. ಕೈ ಮಡಿಲಲ್ಲಿತ್ತು. ಆದ್ರೆ ನೀವು ಇಳಿಯೋವರೆಗೂ ನಿಮ್ಮನ್ನೇ ನೋಡ್ತಿದ್ಲು."

"ಸಿಟ್ಟಿತ್ತಾ ಮುಖದಲ್ಲಿ?"

"ಅಷ್ಟು ದೂರದಿಂದ ಅದು ನನಗೂ ಕಾಣಲ್ಲ, ಭಾವ," ಎಂದೆ.